ಸಣ್ಣವರನ್ನು ಬಿಟ್ಟಿರದ ನಾಯಿ

ನನಗೆ ನಾಯಿ ಅಂದರೆ ಆಗುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನರೇಗಲ್ಲಿನ ನಮ್ಮ ಓಣಿಯಲ್ಲಿ ನನ್ನ ಕಸಬರಿಗೆಯ ರುಚಿ ನೋಡದ ನಾಯಿ ಒಂದೂ ಇರಲಿಲ್ಲ. ಅಂಥ ನಾನು ಒಂದು ಚಳಿಗಾಲದಲ್ಲಿ, ಗಂಡನ ಬೈಕಿನ ಹಿಂದೆ ಕುಳಿತು, ತೊಡೆಯ ಮೇಲೆ ಮೊಮ್ಮಗನನ್ನು, ನಮ್ಮಿಬ್ಬರ ನಡುವೆ ಮೊಮ್ಮಗಳನ್ನು ಇರುಕಿಸಿಕೊಂಡು, ನಾಯಿ ನೋಡಲು ಊರೂರು ತಿರುಗಿದೆ. ಜನ ಮಗನಿಗೆ ಹೆಣ್ಣು ನೋಡಲು ಹೋಗುತ್ತಾರೆ, ನಾವು ನಾಯಿ ನೋಡಲು ಹೋದೆವು.

ಅದಕ್ಕೆ ಹಿಂದಿನ ಮಳೆಗಾಲದಲ್ಲಿ ನನ್ನ ಮಗಳು ತೀರಿಕೊಂಡಿದ್ದಳು. ಕಾಮಣಿ ಆಗಿ ಕಣ್ಣು ಹಳದಿಗಟ್ಟಿದವು. ಮೊದಲು ಯಾರೂ ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಆಮೇಲೆ ಗದಗಕ್ಕೆ ಒಯ್ದೆವು, ಕೈಗೆ ಸಿಗಲಿಲ್ಲ. ಅಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಅವಳಿಗೆ ಐದರ ಆಸುಪಾಸಿನ ಒಬ್ಬ ಮಗಳು, ಆಗಷ್ಟೇ ಅಂಬೆಗಾಲಿಡಲು ಶುರುಮಾಡಿದ್ದ ಒಬ್ಬ ಮಗ. ಅಳಿಯಂದಿರು ನರಗುಂದದಲ್ಲಿ ಅರಿವೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಬೆಳಿಗ್ಗೆ ಹೋದರೆ ಮನೆಗೆ ಬರುವುದು ಕತ್ತಲಾದ ಮೇಲೆ. ಅವರ ತಾಯಿ ಮೊದಲೇ ಇರಲಿಲ್ಲ. "ಸ್ವಲ್ಪ ದಿನ ನಿಮ್ಮ ಕಡೆ ಇರಲ್ರಿ ಅತ್ತಿ" ಎಂದು ಮಕ್ಕಳನ್ನು ನನ್ನಲ್ಲಿ ಬಿಟ್ಟು ಹೋದರು. ಸ್ವಲ್ಪ ದಿನ ಅಂದರೆ ಎಷ್ಟು ಅಂತ ನಾನೂ ಕೇಳಲಿಲ್ಲ, ನನ್ನ ಗಂಡನೂ ಕೇಳಲಿಲ್ಲ.

ಹುಡುಗಿಗೆ ಬಂಧು ಬಳಗದವರೆಲ್ಲ ಸೇರಿ "ನಿಮ್ಮವ್ವ ಊರಿಗೆ ಹೋಗ್ಯಾಳ, ಬರ್ತಾಳ" ಎಂದು ಹೇಳಿದ್ದರು. ಅದು ಪಾಪ, ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ರಸ್ತೆಯಲ್ಲಿ ಹೋಗುವ ಒಂದೊಂದು ಬಸ್ಸಿನ ಕಿಟಕಿಗಳನ್ನೂ ನೋಡುತ್ತಿತ್ತು. ರೋಣದ ಬಸ್ಸು, ಗಜೇಂದ್ರಗಡದ ಬಸ್ಸು, ಯಾವುದನ್ನೂ ಬಿಡುತ್ತಿರಲಿಲ್ಲ. ನನ್ನ ಕೈಲಿ ನೋಡಲು ಆಗಲಿಲ್ಲ. ಮಕ್ಕಳಿಗೆ ಸುಳ್ಳು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ಒಂದು ದಿನ ಅದನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಯೇಬಿಟ್ಟೆ. "ನಿಮ್ಮವ್ವ ಸತ್ತಾಳ, ನನ್ನವ್ವಾ. ಸತ್ತವರು ತಿರುಗಿ ಬರೂದಿಲ್ಲ. ಬಸ್ಸಿನ್ಯಾಗ ನೋಡಬ್ಯಾಡ."

ಅದು ಅಳಲಿಲ್ಲ. ಸ್ವಲ್ಪ ಹೊತ್ತು ನನ್ನ ಬಳೆ ತಿರುಗಿಸುತ್ತ ಕುಳಿತಿತ್ತು. ಆಮೇಲೆ ಕೇಳಿತು: "ಅಲ್ಲಿ ಅಕಿಗೆ ರೊಟ್ಟಿ ಯಾರ ಕೊಡ್ತಾರ, ಆಯಿ?"

ಗೊತ್ತಿಲ್ಲ ಎಂದೆ. ಕಲ್ಲು ಮನಸ್ಸಿನವಳು ಎಂದು ಓಣಿಯ ಹೆಂಗಸರು ನನ್ನನ್ನು ಆಡಿಕೊಂಡರು. ಆಡಿಕೊಳ್ಳಲಿ. ಆದರೆ ಆವತ್ತಿನಿಂದ ಹುಡುಗಿ ಕಟ್ಟೆಗೆ ಹೋಗುವುದನ್ನು ಬಿಟ್ಟಿತು, ಮಾತಾಡುವುದನ್ನೂ ಬಿಟ್ಟಿತು. ಕರೆದರೆ ತಿರುಗಿ ನೋಡುತ್ತಿತ್ತು, ಕೊಟ್ಟರೆ ಉಣ್ಣುತ್ತಿತ್ತು, ಅಷ್ಟೇ. ನಾನು ಕುಬಸ ಹೊಲಿಯುವವಳು. ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲಿ ಚೂರು ಅರಿವೆಗಳ ರಾಶಿಯ ಮೇಲೆ ಅದು ದಿನವಿಡೀ ಕುಳಿತಿರುತ್ತಿತ್ತು. ಮಧ್ಯಾಹ್ನ ಓಣಿಯ ಕೆಂಚು ನಾಯಿ ಬಂದಾಗ ಮಾತ್ರ ಎದ್ದು ಹೋಗಿ, ಅರ್ಧ ರೊಟ್ಟಿ ಹಾಕಿ, ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಏನೋ ಗುಸುಗುಸು ಹೇಳುತ್ತಿತ್ತು. ನಾನು ಕಸಬರಿಗೆಯನ್ನು ಮೂಲೆಗಿಟ್ಟೆ.

ಆದರೆ ಓಣಿಯ ನಾಯಿ ಓಣಿಯ ನಾಯಿಯೇ. ಒಂದು ದಿನ ಕೂಸು ತೆವಳಿಕೊಂಡು ಹೋಗಿ ಅದರ ಬಾಯಿಯ ಮುಂದಿನ ರೊಟ್ಟಿಗೆ ಕೈ ಹಾಕಿತು. ನಾಯಿ ಗುರ್ರೆಂದು ಹಲ್ಲು ಕಿರಿಯಿತು. ನಾನು ಓಡಿ ಹೋಗಿ ಕೂಸನ್ನು ಎಳೆದುಕೊಂಡೆ, ನಾಯಿಯನ್ನು ಹೊಡೆದಟ್ಟಿದೆ. ಹುಡುಗಿ ಬಾಗಿಲ ಹಿಂದೆ ಅವಿತುಕೊಂಡಿತು.

ರಾತ್ರಿ ಊಟಕ್ಕೆ ಕುಳಿತಾಗ ನನ್ನ ಗಂಡ ಮಾತು ತೆಗೆದರು. "ನಾವ ಒಂದ ನಾಯಿ ತರೂಣು. ಸಣ್ಣ ಹುಡುಗರ ಕೂಡ ಹೊಂದಿಕೊಂಡ ಹೋಗೂವಂಥಾದ್ದು. ಹುಡುಗಿ ಬಾಯಿ ಬಿಟ್ಟ ಮಾತಾಡೂದು ನಾಯಿ ಕೂಡ ಅಷ್ಟ."

"ತರ್ರಿ, ತರ್ರಿ. ತಂದು ನನ್ನ ಹೊಲಿಗಿ ಅರಿವಿ ಮ್ಯಾಲ ಮಲಗಿಸ್ರಿ. ಗಿರಾಕಿ ಕುಬಸಕ್ಕ ನಾಯಿ ಕೂದಲ ಹಚ್ಚಿ ಕೊಡ್ತೀನಿ" ಎಂದೆ. ಅಂದವಳು ಹುಡುಗಿಯ ಮುಖ ನೋಡಿದೆ. ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಮರುದಿನ ನಾನೇ ಮೊದಲು ತಯಾರಾಗಿ ನಿಂತೆ.

ಮೊದಲು ಹೋದದ್ದು ಗಜೇಂದ್ರಗಡಕ್ಕೆ. ನನ್ನ ಗಂಡನ ಪರಿಚಯದವರೊಬ್ಬರ ಮನೆಯಲ್ಲಿ ಮುಧೋಳ ತಳಿಯ ನಾಯಿ ಇತ್ತು. ನೋಡಿದರೆ ನೋಡಬೇಕು ಅನ್ನಿಸುವಂಥದ್ದು. ಉದ್ದ ಕಾಲು, ಸಣ್ಣ ಸೊಂಟ, ರಾಜನ ಮನೆಯಿಂದ ಬಂದಂತೆ ನಿಂತಿತ್ತು. ನನ್ನ ಗಂಡನ ಬಾಯಲ್ಲಿ ನೀರು. ನಾನು ಕೂಸನ್ನು ಕೆಳಗೆ ಬಿಟ್ಟೆ. ಅದು ಸೀದಾ ಹೋಗಿ ನಾಯಿಯ ಹಿಂಗಾಲು ಹಿಡಿಯಿತು. ನಾಯಿ ಕಚ್ಚಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಮೈಯೆಲ್ಲ ಗಡಗಡ ನಡುಗಿತು, ಮುಖವನ್ನು ಆ ಕಡೆ ತಿರುಗಿಸಿಕೊಂಡಿತು. "ಬ್ಯಾಡ್ರಿ. ಇದು ಓಡೂ ನಾಯಿ. ನಮ್ಮನಿಯಾಗ ಇರೂದು ತೆವಳೂ ಕೂಸು" ಎಂದು ಕೂಸನ್ನು ಎತ್ತಿಕೊಂಡೆ. ಗಂಡ ಬೈಕು ಹತ್ತುವ ಮೊದಲು ಎರಡು ಸಲ ತಿರುಗಿ ಅದನ್ನು ನೋಡಿದರು.

ಆಮೇಲೆ ರೋಣಕ್ಕೆ. ಕಾಳುಕಡ್ಡಿಯ ಅಡತಿ ವ್ಯಾಪಾರದವರ ಮನೆ. ಬೆಳ್ಳಗೆ ಅರಳೆಯಂಥ ಕೂದಲಿನ ಪುಟ್ಟ ನಾಯಿ, ಸೋಫಾದ ಮೇಲೆ ಕುಳಿತಿತ್ತು. ಹುಡುಗಿಯನ್ನು ಕಂಡದ್ದೇ ತಡ, ಕಿವಿ ತೂತು ಬೀಳುವ ಹಾಗೆ ಬೊಗಳಲು ಶುರುಮಾಡಿತು. ಹುಡುಗಿ ನನ್ನ ಸೀರೆಯೊಳಗೆ ಸೇರಿಕೊಂಡಿತು. ಮನೆಯ ಯಜಮಾನಿ ನಗುತ್ತ, "ಸಣ್ಣ ಹುಡುಗರಂದ್ರ ಇದಕ್ಕ ಆಗೂದಿಲ್ರಿ. ಅದಕ್ಕ ಯಾರಿಗ್ಯಾರ ಕೊಟ್ಟಬಿಡೂಣಂತ" ಎಂದರು.

"ಹುಡುಗರು ಆಗದ ನಾಯೀನ ಹುಡುಗರಿದ್ದ ಮನಿಗೇ ಕೊಡ್ತೀರೇನ್ರಿ? ಚಲೋ ಆತು ಬಿಡ್ರಿ" ಎಂದು ಎದ್ದೆ. ಚಹಾ ತಂದಿಟ್ಟಿದ್ದರು, ಕುಡಿಯದೆ ಬಂದೆ. ಅದಕ್ಕಾಗಿ ನನ್ನ ಗಂಡ ಈಗಲೂ ಬೈಯುತ್ತಾರೆ.

ಅಷ್ಟರಲ್ಲಿ ಶಿವರಾತ್ರಿ ಹತ್ತಿರ ಬಂತು. ಅಬ್ಬಿಗೇರಿ ರಸ್ತೆಯ ನಮ್ಮ ಎರೆಹೊಲದಲ್ಲಿ ಜೋಳ ಕಿತ್ತು ಮುಗಿದಿತ್ತು. ಪ್ರತಿ ವರ್ಷದಂತೆ ಕುರಿಯವರು ಬಂದು ಹೊಲದಲ್ಲಿ ಹಟ್ಟಿ ಹಾಕಿದರು. ಕುರಿಗಳು ರಾತ್ರಿ ಹೊಲದಲ್ಲಿ ತಂಗಿದರೆ ಗೊಬ್ಬರ ನಮಗೆ, ಜೋಳ ಮತ್ತು ಊಟ ಅವರಿಗೆ. ಹಳೆಯ ರೂಢಿ. ಆವತ್ತು ಬುತ್ತಿ ಒಯ್ಯುವಾಗ ಮಕ್ಕಳನ್ನೂ ಕರೆದುಕೊಂಡು ಹೋದೆ.

ಕುರಿಗಳು ಮೇಯಲು ಹೋಗಿದ್ದವು. ಎಳೆಯ ಮರಿಗಳನ್ನು ಬಲೆಯ ಬೇಲಿಯೊಳಗೆ ಬಿಟ್ಟಿದ್ದರು. ಅವುಗಳ ಮಧ್ಯದಲ್ಲಿ ಒಂದು ಕಪ್ಪು ನಾಯಿಮರಿ ಮಲಗಿತ್ತು. ಒಂದು ಕುರಿಮರಿ ಅದರ ಕಿವಿ ಚೀಪುತ್ತಿತ್ತು, ಇನ್ನೊಂದು ಅದರ ಹೊಟ್ಟೆಯ ಮೇಲೆ ಕಾಲಿಟ್ಟು ದಾಟಿತು. ನಾಯಿಮರಿ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು.

"ಇದೇನ ತಂಗಿ, ನಾಯೀನ ಕುರಿ ಮಾಡೀರೇನು?" ಎಂದು ಹಟ್ಟಿಯ ಹೆಣ್ಣುಮಗಳನ್ನು ಕೇಳಿದೆ. ಅವಳು ವರ್ಷವೂ ಬರುವವಳು, ನನ್ನಷ್ಟೇ ಬಾಯಿಯವಳು.

"ಹೂಂನ್ರಿ ಅಕ್ಕಾರ. ಕಣ್ಣ ಬಿಡೂ ಮದಲ ಒಂದ ಹೆಣ್ಣ ಮರೀನ ಕುರಿಮರಿ ಕೂಡ ಹಾಕ್ತೀವಿ. ಹಾಲ ಕುಡ್ಯಾಕಷ್ಟ ಅದರವ್ವನ ಕಡೆ ಬಿಡ್ತೀವಿ. ಅದಕ್ಕ ಇವ ಬಳಗ. ದೊಡ್ಡದಾದ್ರೂ ಸಣ್ಣವನ್ನ ಬಿಟ್ಟ ಹೋಗೂದಿಲ್ಲ. ತ್ವಾಳ ಬಂದ್ರೂ ಅವುಗಳ ಮುಂದ ನಿಂದರತೈತಿ."

ನಾವು ಮಾತಾಡುತ್ತಿರುವಾಗಲೇ ಕೂಸು ಬಲೆಯ ಕೆಳಗೆ ನುಸುಳಿ ಒಳಗೆ ಹೋಗಿತ್ತು. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನಾಯಿಮರಿಯ ಬಾಯಿಗೆ ತುರುಕಿ, ಮತ್ತೆ ಕಸಿದುಕೊಂಡು, ತನ್ನ ಬಾಯಿಗೆ ಹಾಕಿಕೊಂಡಿತು. ನಾನು ಅದನ್ನು ಎಳೆದುಕೊಳ್ಳಲು ಬಲೆ ಎತ್ತಿದೆ. ನಾಯಿಮರಿ ಸುಮ್ಮನೆ ಕಾದಿತ್ತು. ಕೂಸು ಮತ್ತೆ ಕೊಟ್ಟಾಗ ಮತ್ತೆ ಬಾಯಿ ತೆರೆಯಿತು. ಹುಡುಗಿ ಬೇಲಿಯ ಹೊರಗೆ ಕುಳಿತು ಬಲೆಯ ಸಂದಿಯಲ್ಲಿ ಬೆರಳು ತೂರಿಸಿತ್ತು. "ಆಯಿ, ಇದು" ಎಂದಿತು. ಎಷ್ಟೋ ದಿನಗಳ ಮೇಲೆ ತಾನಾಗಿ ಆಡಿದ ಮಾತು ಅದು.

ಎಷ್ಟಕ್ಕೆ ಕೊಡುತ್ತೀ ಎಂದು ಕೇಳಿದೆ. "ನಾಯಿ ಮಾರೂದಿಲ್ರಿ ನಾವು" ಎಂದಳು ಹಟ್ಟಿಯವಳು. "ಹೆಣ್ಣ ಕೊಟ್ಟಂಗ ಉಡಿ ತುಂಬಿ ಕೊಡ್ತೀವಿ. ಉಡಿ ಒಡ್ಡ್ರಿ." ನಾನು ಸೆರಗು ಒಡ್ಡಿದೆ. ಅವಳು ಮೊದಲು ಒಂದು ಹಿಡಿ ಜೋಳ ಹಾಕಿದಳು, ಅದರ ಮೇಲೆ ಮರಿಯನ್ನಿಟ್ಟಳು. "ಚಲೋ ನೋಡಿಕೊಳ್ರಿ. ಬ್ಯಾಸರಾದ್ರ ತವರಿಗೆ ಬರತೈತಿ ಮತ್ತ" ಎಂದು ನಕ್ಕಳು. ಮಗಳು ಚೊಚ್ಚಲ ಬಸುರಿಯಾಗಿದ್ದಾಗ ಅವಳಿಗೆ ನಾನು ಉಡಿ ತುಂಬಿದ್ದು ನೆನಪಾಯಿತು. ಹೊಲದ ಮಧ್ಯೆ ನಿಂತು ಅತ್ತೆ. ಹಟ್ಟಿಯವಳಿಗೆ ಏನೂ ತಿಳಿಯಲಿಲ್ಲ, ಆದರೂ ನನ್ನ ಬೆನ್ನು ಸವರಿದಳು.

ನಾಯಿಗೆ ಹೆಸರಿಡಲಿಲ್ಲ. ಹುಡುಗಿ ಮರಿ ಎಂದು ಕರೆಯಿತು, ದೊಡ್ಡದಾದ ಮೇಲೂ ಅದು ಮರಿಯೇ. ಕೂಸು ಅದರ ಬೆನ್ನು ಹಿಡಿದುಕೊಂಡೇ ಎದ್ದು ನಿಂತಿತು, ಅದರ ಬಾಲ ಹಿಡಿದುಕೊಂಡೇ ಹೆಜ್ಜೆ ಹಾಕಿತು. ಮಕ್ಕಳು ಮಲಗಿದರೆ ಅವರಿಗೂ ಬಾಗಿಲಿಗೂ ನಡುವೆ ಅಡ್ಡ ಮಲಗುತ್ತಿತ್ತು. ನನ್ನ ಚೂರು ಅರಿವೆಗಳ ರಾಶಿ ಅದರ ಹಾಸಿಗೆಯಾಯಿತು. ಗಿರಾಕಿಗಳ ಕುಬಸಕ್ಕೆ ಕೂದಲೂ ಹತ್ತಿತು, ನಾನು ಬೈಸಿಕೊಂಡೆ. ಹುಡುಗಿ ನನ್ನಿಂದ ಜರಿಯಂಚಿನ ಚೂರು ಇಸಿದುಕೊಂಡು ಅದರ ಕೊರಳಿಗೆ ಕಟ್ಟುತ್ತಿತ್ತು. ಒಂದು ಸಂಜೆ ಮರಿ ಆ ಚೂರನ್ನು ಹಲ್ಲಿಗೆ ಸಿಕ್ಕಿಸಿಕೊಂಡು ಗರಗರ ಸುತ್ತಿದಾಗ ಹುಡುಗಿ ಜೋರಾಗಿ ನಕ್ಕಿತು. ನಾನು ಹೊಲಿಗೆ ನಿಲ್ಲಿಸಿದೆ. ತಾಯಿಯದೇ ನಗು. ಯವ್ವಾ, ಅದೇ ಮೂಗು ಎಳೆದು ನಗುವ ನಗು. ಯಂತ್ರದ ಮೇಲೆ ತಲೆಯಿಟ್ಟು ಕುಳಿತುಬಿಟ್ಟೆ, ಸಂಕಟವೋ ಸಂತೋಷವೋ ನನಗೇ ತಿಳಿಯಲಿಲ್ಲ. ಆಮೇಲೆ ಎದ್ದು ಒಲೆ ಹೊತ್ತಿಸಿದೆ.

ದಸರೆ ಮುಗಿದ ಮೇಲೆ ಅಳಿಯಂದಿರು ಬಂದರು. ಹೊರಗೆ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ಕುಳಿತಾಗಲೇ ನನಗೆ ತಿಳಿಯಿತು.

"ಮದುವಿ ಗೊತ್ತಾಗೈತ್ರಿ ಅತ್ತಿ. ಹುಡುಗರನ್ನ ಬಿಟ್ಟಿರಾಕ ನನಗೂ ಆಗವಲ್ತು. ದೀಪಾವಳಿ ಮುಗದ ಮ್ಯಾಲ ಕರಕೊಂಡ ಹೋಗ್ತೀನಿ."

ನನ್ನ ಬಾಯಿಗೆ ಬಂದದ್ದೆಲ್ಲ ಅಂದೆ. ಹಡೆದವಳ ಮಣ್ಣು ಆರುವ ಮೊದಲೇ ಅಂದೆ, ಮಲತಾಯಿ ಅಂದೆ, ಬೇಡದ್ದೆಲ್ಲ ಅಂದೆ. ಅವರು ಒಂದಕ್ಕೂ ಎದುರಾಡಲಿಲ್ಲ. ಕೂಸು ಅವರ ತೊಡೆ ಹತ್ತಿ ಅಂಗಿಯ ಗುಂಡಿ ಎಳೆಯುತ್ತಿತ್ತು, ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಅವರ ಮಕ್ಕಳು, ಅವರು ಒಯ್ಯುವುದು ನ್ಯಾಯ. ನ್ಯಾಯ ಎಂಬುದು ಗೊತ್ತಿದ್ದೇ ನನಗೆ ಅಷ್ಟು ಸಿಟ್ಟು ಬಂದದ್ದು. ಕೊನೆಗೆ ಸೋತು, "ಮರೀನರ ಕೂಡ ಒಯ್ರಿ. ಹುಡುಗಿ ಅದನ್ನ ಬಿಟ್ಟ ಇರಂಗಿಲ್ಲ" ಎಂದೆ.

"ಮಾಳಗಿ ಮ್ಯಾಲಿನ ಬಾಡಿಗಿ ಮನಿರಿ. ನಾಯಿ ತರಬ್ಯಾಡ್ರಿ ಅಂತ ಮಾಲಕರು ಮದಲ ಹೇಳ್ಯಾರ. ಬ್ಯಾರೆ ಮನಿ ಹುಡುಕೀನಿ, ಸಿಗವಲ್ದು."

ನಾಯಿ ಆರಿಸಲು ಎರಡು ಊರು ತಿರುಗಿದವರು ನಾವು. ಕಚ್ಚುತ್ತದೆಯೇ, ಬೊಗಳುತ್ತದೆಯೇ, ಕೂಸು ಕಾಲು ಹಿಡಿದರೆ ಸಹಿಸುತ್ತದೆಯೇ ಎಂದು ಎಲ್ಲ ನೋಡಿದ್ದೆವು. ಸಣ್ಣವರನ್ನು ಬಿಟ್ಟಿರದ ನಾಯಿ ಬೇಕು ಎಂದು ಹುಡುಕಿ ಹುಡುಕಿ ತಂದೆವು. ಸಣ್ಣವರೇ ಅದನ್ನು ಬಿಟ್ಟು ಹೋಗಬೇಕಾಗಿ ಬಂದರೆ ಅದರ ಗತಿ ಏನು ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೋಗುವ ದಿನ ಹುಡುಗಿ ಹಟ ಮಾಡಲಿಲ್ಲ. ಹಟ ಮಾಡಿದ್ದರೆ ಚೆನ್ನಾಗಿತ್ತು. ಮರಿಯ ಕೊರಳಿಗೆ ಹೊಸ ಜರಿಯ ಚೂರು ಕಟ್ಟಿತು. ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕಿವಿ ಹಿಡಿದು, ನನ್ನದೇ ಧಾಟಿಯಲ್ಲಿ ಹೇಳಿತು: "ನಾ ಬರೂದಿಲ್ಲ, ನನ್ನವ್ವಾ. ಬಸ್ಸಿನ್ಯಾಗ ನೋಡಬ್ಯಾಡ."

ನಾನು ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡೆ. ಗಂಡ ಚೀಲ ಹಿಡಿದು ಬಸ್ ನಿಲ್ದಾಣದವರೆಗೆ ಹೋದರು. ಮರಿ ಬಸ್ಸಿನ ಹಿಂದೆ ಊರ ಹೊರಗಿನವರೆಗೂ ಓಡಿತಂತೆ.

ಅದಕ್ಕೆ ಹೇಳಿದ ಮಾತು ಹೇಗೆ ತಿಳಿಯಬೇಕು? ಮರುದಿನದಿಂದ ಬಸ್ ನಿಲ್ದಾಣದ ಚಹಾದಂಗಡಿಯ ಪಕ್ಕದಲ್ಲಿ ಕುಳಿತು ಇಳಿಯುವವರನ್ನೆಲ್ಲ ನೋಡತೊಡಗಿತು. ಸಂಜೆ ನಾನು ಹೋಗಿ ಕರೆತರಬೇಕು. ಕರೆದರೆ ಬರುತ್ತಿತ್ತು, ಹಟವಿಲ್ಲ. ಮೊದಲ ಭಾನುವಾರ ವಿಡಿಯೋ ಕಾಲ್ ಬಂತು. ಹುಡುಗಿ "ಮರಿ" ಎಂದು ಕೂಗಿದ್ದಕ್ಕೆ ನಾಯಿ ಎದ್ದು ಬಂದು ಫೋನ್ ಮೂಸಿತು, ಅದರ ಹಿಂದೆ ನೋಡಿತು, ಅಡುಗೆಮನೆ, ಹಿತ್ತಲು, ಹಾಸಿಗೆಯ ಗಂಟು ಎಲ್ಲ ಹುಡುಕಿತು. ಆಮೇಲೆ ಉಣ್ಣುವುದನ್ನೇ ಬಿಟ್ಟಿತು. ಹಾಲು ಹಾಕಿದೆ, ತುಪ್ಪ ಸವರಿದ ರೊಟ್ಟಿ ಹಾಕಿದೆ. ನನ್ನ ಮುಖ ನೋಡಿ ಬಾಲ ಅಲ್ಲಾಡಿಸಿ ಸುಮ್ಮನೆ ಮಲಗುತ್ತಿತ್ತು. ಮುಂದಿನ ಭಾನುವಾರ ನಾನು ಹುಡುಗಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. "ನಿನ್ನ ಧ್ವನಿ ಕೇಳಿದ್ರ ಅದು ಉಣ್ಣವಲ್ದು, ನನ್ನವ್ವಾ."

ಆವತ್ತಿನಿಂದ ಹುಡುಗಿ ಫೋನ್ ಮಾಡಿದಾಗಲೆಲ್ಲ ಪಿಸುಮಾತು. "ಆಯಿ, ಮರಿ ದೂರ ಐತೇನ?" ಎಂದು ಮೊದಲು ಕೇಳುವುದು. ಹೂಂ ಎಂದರೂ ದನಿ ಏರಿಸುತ್ತಿರಲಿಲ್ಲ. ನರಗುಂದದಲ್ಲಿ ಕುಳಿತ ಹುಡುಗಿ, ನರೇಗಲ್ಲಿನ ನಾಯಿಗೆ ಕೇಳಬಾರದೆಂದು, ತನ್ನ ಸಾಲಿ, ತಮ್ಮನ ಹೊಸ ಹಲ್ಲು, ಹೊಸ ಅವ್ವ ಹೆಣೆದ ಜಡೆ ಎಲ್ಲವನ್ನೂ ಪಿಸುಮಾತಿನಲ್ಲೇ ನನಗೆ ಹೇಳುತ್ತಿತ್ತು. ಹೊಸ ಅವ್ವ ಕೆಟ್ಟವಳಲ್ಲ. ಜಡೆ ಚೆನ್ನಾಗಿಯೇ ಹೆಣೆಯುತ್ತಾಳೆ. ಹಾಗೆಂದು ನನ್ನ ಹೊಟ್ಟೆಯ ಉರಿ ಆರಬೇಕಲ್ಲ.

ಮತ್ತೆ ಶಿವರಾತ್ರಿ ಬಂತು, ಕುರಿಯವರು ಬಂದರು. ಬುತ್ತಿ ತೆಗೆದುಕೊಂಡು ಹೊರಟಾಗ ಮರಿಯನ್ನೂ ಕರೆದೆ. ದಿನಕ್ಕೆ ಒಂದೆರಡು ತುತ್ತಿನ ಮೇಲೆ ಬದುಕಿದ್ದ ಅದರ ಎಲುಬು ಎದ್ದು ಕಾಣುತ್ತಿತ್ತು, ಆದರೂ ನಡೆದೇ ಬಂತು. ಹೊಲ ಇನ್ನೂ ದೂರವಿರುವಾಗಲೇ ಕಿವಿ ನಿಮಿರಿಸಿ ನಿಂತಿತು. ಎಳೆಯ ಮರಿಗಳು ಒದರುವ ಸದ್ದು ನನಗೆ ಆಮೇಲೆ ಕೇಳಿಸಿತು. ಒಂದೇ ಓಟ. ನಾನು ಹೋಗಿ ಮುಟ್ಟುವಷ್ಟರಲ್ಲಿ ಬಲೆಯೊಳಗೆ ಅಡ್ಡ ಬಿದ್ದುಕೊಂಡಿತ್ತು. ಕುರಿಮರಿಗಳು ಅದರ ಮೈಮೇಲೆ ಹತ್ತಿ ಇಳಿಯುತ್ತಿದ್ದವು. ನಾನು ತಂದಿದ್ದ ರೊಟ್ಟಿಯ ಒಂದು ಚೂರು ಹಾಕಿದೆ, ತಿಂದಿತು. ಇನ್ನೊಂದು ಹಾಕಿದೆ, ಅದನ್ನೂ ತಿಂದಿತು. ಬುತ್ತಿಯ ರೊಟ್ಟಿಗಳಲ್ಲಿ ಅರ್ಧ ಅದಕ್ಕೇ ಹೋದವು.

"ಏನ್ರಿ ಅಕ್ಕಾರ, ಹುಡುಗರೆಲ್ಲಿ?" ಎಂದಳು ಹಟ್ಟಿಯವಳು. ಹೇಳಿದೆ. ಅವಳು ಬಗ್ಗಿ ಮರಿಯ ಎಲುಬು ಸವರಿದಳು. ನಾನು, "ಇದರವ್ವಗರ ತೋರ್ಸು ಇದನ್ನ. ಗುರುತ ಹಿಡೀತಾಳೇನ ನೋಡೂಣು" ಎಂದೆ.

"ಅದ ಎಲ್ಲೈತ್ರಿ. ಬ್ಯಾಸಗಿ ಒಳಗ ರಸ್ತೆ ದಾಟೂ ಮುಂದ ಲಾರಿ ಬಡದ ಸತ್ತೋತು. ಹಟ್ಟಿಗೆ ನಾಯಿನ ಇಲ್ರಿ ಈಗ."

ನಾನು ಮರಿಯನ್ನು ಕರೆದೆ. ತಲೆ ಎತ್ತಿ ನೋಡಿತು, ಬಾಲ ಅಲ್ಲಾಡಿಸಿತು, ಏಳಲಿಲ್ಲ. ಮತ್ತೆ ಕರೆಯಲಿಲ್ಲ. "ಇಟ್ಟಕೋ ತಂಗಿ. ತವರಿಗೆ ಬಂದೈತಿ" ಎಂದೆ. ಅವಳು ನನ್ನ ಖಾಲಿ ಬುತ್ತಿ ಬುಟ್ಟಿಗೆ ಒಂದು ಹಿಡಿ ಜೋಳ ಹಾಕಿ ಕೊಟ್ಟಳು. ಹಟ್ಟಿ ಎದ್ದು ಸೂಡಿ ಊರಿನ ಕಡೆಗೆ ಹೋಗುವಾಗ ನಾನು ನೋಡಲು ಹೋಗಲಿಲ್ಲ. ಗಂಡ ಹೋಗಿದ್ದರು. ಜರಿಯ ಚೂರು ಇನ್ನೂ ಕೊರಳಲ್ಲಿತ್ತು ಎಂದು ಬಂದು ಹೇಳಿದರು.

ಭಾನುವಾರ ಫೋನ್ ಬಂತು.

"ಆಯಿ, ಮರಿ ದೂರ ಐತೇನ?" ಎಂದಿನ ಪಿಸುಮಾತು.

"ಜೋರ ಮಾತಾಡು, ನನ್ನವ್ವಾ. ಅದು ಮನ್ಯಾಗಿಲ್ಲ."

"ಎಲ್ಲಿ ಹೋತು?"

"ಕುರಿ ಹಟ್ಟಿಗೆ ಹೋತು. ಅಲ್ಲಿ ಸಣ್ಣ ಸಣ್ಣ ಮರಿ ಭಾಳ ಅದಾವ. ಉಣ್ಣಾಕತ್ತೈತಿ ಈಗ."

"ಅಲ್ಲಿ ಅದಕ್ಕ ರೊಟ್ಟಿ ಯಾರ ಕೊಡ್ತಾರ?"

"ಹಟ್ಟಿ ಅಕ್ಕ ಕೊಡ್ತಾಳ."

ಆ ಕಡೆ ಕುಕ್ಕರ್ ಕೂಗಿತು, ಕೂಸು ಏನೋ ಬೀಳಿಸಿತು. ಪರದೆಯ ಮೇಲೆ ಹುಡುಗಿಯ ಹಣೆ ಮತ್ತು ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಆಯಿ, ಅಲ್ಲಿ ಅದರವ್ವ ಅದಾಳೇನು?"

ಮಕ್ಕಳಿಗೆ ಸುಳ್ಳು ಹೇಳುವವರಿಗೆ ನಾನು ಬೈಯದ ಬೈಗುಳವಿಲ್ಲ.

"ಅದಾಳ" ಎಂದೆ.

"ಹಂಗಾರ ಕರಕೊಂಡ ಬರಬ್ಯಾಡ, ಆಯಿ" ಎಂದಿತು ಹುಡುಗಿ. ಈ ಸಲ ಪಿಸುಗುಟ್ಟಲಿಲ್ಲ, ಜೋರಾಗಿಯೇ ಹೇಳಿತು.